ತಲೆಕೆಳಗು ಮುದ್ರೆಯ ನಕಾತ

ನಕಾತ ಶಿಗೆಹಿಸಾ ತನಗೆ ಒಪ್ಪಿಗೆಯಿಲ್ಲದ ಕಡತಗಳ ಮೇಲೆ ತನ್ನ ಹೆಸರಿನ ಮುದ್ರೆಯನ್ನು ತಲೆಕೆಳಗಾಗಿ ಒತ್ತುತ್ತಿದ್ದ. ಜಪಾನಿನ ನಮ್ಮ ಕಚೇರಿಗಳಲ್ಲಿ ಸಹಿಗೆ ಬೆಲೆಯಿಲ್ಲ. ಕಿರುಬೆರಳಿನ ಗಾತ್ರದ ದುಂಡು ಮುದ್ರೆಗೆ ಬೆಲೆ. ಒಂದು ಪ್ರಸ್ತಾವ ಹುಟ್ಟಿತೆಂದರೆ ಅದು ಕೆಳಗಿನ ಮೇಜಿನಿಂದ ಮೇಲಿನ ಮೇಜಿಗೆ ತೆವಳುತ್ತ, ಪ್ರತಿ ಮೇಜಿನಲ್ಲೂ ಒಂದೊಂದು ಕೆಂಪು ಗುರುತು ಹಾಕಿಸಿಕೊಳ್ಳುತ್ತ, ಕೊನೆಗೆ ಯಾರೊಬ್ಬರ ತೀರ್ಮಾನವೂ ಅಲ್ಲದ, ಎಲ್ಲರ ತೀರ್ಮಾನವಾಗಿ ಹೊರಬೀಳುತ್ತದೆ. ಒಳ್ಳೆಯ ನೌಕರನೆನಿಸಿಕೊಳ್ಳಬೇಕಾದವನು ತನ್ನ ಮುದ್ರೆಯನ್ನು ಮೇಲಧಿಕಾರಿಯ ಮುದ್ರೆಯ ಕಡೆಗೆ ತುಸು ವಾಲಿಸಿ ಒತ್ತಬೇಕು, ನಡು ಬಗ್ಗಿಸಿ ವಂದಿಸುವ ಹಾಗೆ. ಮನುಷ್ಯರ ಬೆನ್ನು ಸಾಲದೆಂದು ಮುದ್ರೆಗಳ ಬೆನ್ನನ್ನೂ ಬಗ್ಗಿಸಿದ ಜನ ನಾವು. ಅಂಥ ಕಡೆ ನಕಾತನೊಬ್ಬ, ಅನ್ಯಾಯವೆಂದು ಕಂಡ ಕಡತ ಎದುರಿಗೆ ಬಂದಾಗ, ಕೋಣನ ಕೊಂಬಿನ ಆ ಮುದ್ರೆಯನ್ನು ಬೆರಳುಗಳ ನಡುವೆ ಮೆಲ್ಲಗೆ ತಿರುಗಿಸಿ, ಕಾಲು ಮೇಲೆ ತಲೆ ಕೆಳಗೆ ಮಾಡಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದ. ಇದನ್ನು ಅವನು ತನ್ನ ಗೆರಿಲ್ಲಾ ಯುದ್ಧವೆಂದು ಕರೆಯುತ್ತಿದ್ದ; ಕರೆಯುವಾಗ ನಗುತ್ತಿರಲಿಲ್ಲ.

ನೋಡಲು ನೀಳಕಾಯ, ಬಡಕಲು ಮೈ. ಚಳಿಯಿರಲಿ ಸೆಕೆಯಿರಲಿ ಬೂದು ಬಣ್ಣದ ಅದೇ ಮಳೆಕೋಟು. ನಡೆಯುವಾಗ ಭುಜ ಗೋಡೆಗೆ ಉಜ್ಜುವಷ್ಟು ಹತ್ತಿರ ಸರಿದು ನಡೆಯುತ್ತಿದ್ದ. ಜೊತೆಯವರು ಅದನ್ನು ವಿನಯವೆಂದು ತಿಳಿದಿದ್ದರು. ನನಗೆ ಗೊತ್ತಿದ್ದ ಕಾರಣ ಬೇರೆ. ಅರವತ್ತೊಂಬತ್ತರ ಚಳಿಗಾಲದಲ್ಲಿ ಕಾಂದಾ ಬಡಾವಣೆಯ ನಮ್ಮ ವಿಶ್ವವಿದ್ಯಾಲಯದ ಬಾಗಿಲಿಗೆ ಮೇಜು ಕುರ್ಚಿಗಳನ್ನು ಒಟ್ಟಿ ನಾವೆಲ್ಲ ಒಳಗೆ ಕೂತಿದ್ದಾಗ, ಪೊಲೀಸರು ಫಿರಂಗಿಯಂಥ ಕೊಳವೆಯಿಂದ ಹಿಮದಷ್ಟು ತಣ್ಣನೆಯ ನೀರು ಹಾಯಿಸಿದ್ದರು. ಆ ಹೊಡೆತಕ್ಕೆ ನಡು ಅಂಗಳದಲ್ಲಿದ್ದವರು ತರಗೆಲೆಗಳ ಹಾಗೆ ಉರುಳಿದರು, ಗೋಡೆ ಹಿಡಿದವರು ಉಳಿದರು. ನಕಾತ ಉಳಿದವನು. ಆಮೇಲಿನ ಬದುಕಿನಲ್ಲಿ ಯಾರೂ ಅವನ ಮೇಲೆ ನೀರು ಹಾಯಿಸಲಿಲ್ಲ, ಆದರೆ ಅವನು ಗೋಡೆ ಬಿಡಲಿಲ್ಲ.

ಆ ದಿನಗಳಲ್ಲಿ ಅವನ ಕಂಠವೇ ಕಂಠ. ನಮ್ಮ ಸಭೆಗಳಲ್ಲಿ ಒಬ್ಬ ಗೊತ್ತುವಳಿ ಮಂಡಿಸಿದರೆ ಸೇರಿದವರೆಲ್ಲ ಒಟ್ಟಾಗಿ "ಆಕ್ಷೇಪಣೆ ಇಲ್ಲ!" ಎಂದು ಕೂಗುವುದು ಪದ್ಧತಿ, ಆ ಕೂಗಿನ ಶಿಖರದಲ್ಲಿ ಯಾವಾಗಲೂ ನಕಾತನ ದನಿ, ಒಡೆದ ಕಹಳೆಯ ಹಾಗೆ. ಆದರೆ ಅವನಿಗೆ ಹೆಸರು ತಂದದ್ದು ಕೂಗಲ್ಲ, ಮೌನ. ಬಂಧಿಸಿ ಠಾಣೆಗೆ ಒಯ್ದ ಮೇಲೆ ಹಿಡಿದಿಟ್ಟಷ್ಟು ದಿನವೂ ಅವನು ಬಾಯಿ ಬಿಡಲಿಲ್ಲ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ, ನೀರು ಬೇಕೇ ಎಂದರೆ ಹೂಂ ಅನ್ನಲಿಲ್ಲ. ಮಿಕ್ಕ ನಾವು ಒಬ್ಬೊಬ್ಬರಾಗಿ ಏನೋ ಒಂದನ್ನು ಒದರಿ ಹೊರಬಂದೆವು. ನಕಾತ ನಾಲಿಗೆಗೆ ಹೊಲಿಗೆ ಹಾಕಿಕೊಂಡವನಂತೆ ಕೂತೇ ಇದ್ದ, ಕೊನೆಗೆ ಪೊಲೀಸರೇ ಬೇಸತ್ತು ಬಿಟ್ಟುಕಳಿಸಿದರು. ಮೌನವೇ ಆಯುಧವೆಂಬ ಪಾಠ ಅವನ ಎಲುಬಿಗೆ ಇಳಿದದ್ದು ಅಲ್ಲಿ. ಬೇರೆ ಯಾವ ಪಾಠವನ್ನೂ ಅವನು ಅಷ್ಟು ಚೆನ್ನಾಗಿ ಕಲಿಯಲಿಲ್ಲ.

ಚಳವಳಿ ಸೋತಿತು. ಕೂದಲು ಕತ್ತರಿಸಿಕೊಂಡು ಎಲ್ಲರೂ ಕೆಲಸ ಹುಡುಕಿದೆವು. ನಕಾತನಿಗೆ ಸಿಕ್ಕಿದ್ದು ಒಂದು ಪ್ರತಿಷ್ಠಾನದಲ್ಲಿ ಗುಮಾಸ್ತಿಕೆ. ಕಲ್ಲಿದ್ದಲಲ್ಲಿ ದುಡ್ಡು ಮಾಡಿ ಸಿಮೆಂಟಿನಲ್ಲಿ ಮಾನ ಮಾಡಿಕೊಂಡ ಒಂದು ದೊಡ್ಡ ಮನೆತನ ಕಟ್ಟಿದ ಸಂಸ್ಥೆಯದು. ಪರದೇಶದ ವಿಶ್ವವಿದ್ಯಾಲಯಗಳಲ್ಲಿ ನಮ್ಮ ಭಾಷೆಯನ್ನೂ ಚರಿತ್ರೆಯನ್ನೂ ಕಲಿಸಲು ಅನುದಾನ ಕೊಡುವುದು, ಇಲ್ಲಿಂದ ಅಧ್ಯಾಪಕರನ್ನು ಕಳಿಸುವುದು, ಅಲ್ಲಿಂದ ವಿದ್ವಾಂಸರನ್ನು ವರ್ಷದ ಮಟ್ಟಿಗೆ ಕರೆಸಿಕೊಳ್ಳುವುದು ಅದರ ಕೆಲಸ. ಬಂದ ವಿದ್ವಾಂಸರಿಗೆ ಗಂಟೆಗಿಷ್ಟು ಎಂಬ ಕೂಲಿಗೆ ಭಾಷೆ ತಿದ್ದಿಕೊಡುವ ಕೆಲಸ ನನ್ನದು. ಹಾಗಾಗಿ ಮೂವತ್ತು ವರ್ಷ ನಾನೂ ಅವನೂ ಒಂದೇ ಕಟ್ಟಡದ ಋಣ ತಿಂದೆವು, ಅವನು ಮೇಲಿನ ಅಂತಸ್ತಿನಲ್ಲಿ, ನಾನು ನೆಲಮಾಳಿಗೆಯಲ್ಲಿ. ಪ್ರತಿ ವಸಂತದಲ್ಲಿ ನಮ್ಮ ಗಂಟೆಗೂಲಿ ಅಧ್ಯಾಪಕರ ಸಂಘ ಆ ಕಟ್ಟಡದ ಮುಂದೆಯೇ ಪತಾಕೆ ಹಿಡಿದು ಕೂರುತ್ತಿತ್ತು. ಆಗ ನಕಾತ ಗೋಡೆಯ ಪಕ್ಕದಿಂದ ಬಂದು, ಕೋಟಿನ ಜೇಬಿನಿಂದ ಬಿಸಿ ಕಾಫಿಯ ಡಬ್ಬಿಯೊಂದನ್ನು ತೆಗೆದು ನನ್ನ ಕೈಗೆ ತುರುಕಿ, ಅದೇ ಗೋಡೆ ಹಿಡಿದು ಒಳಗೆ ಹೋಗುತ್ತಿದ್ದ.

"ಬಾರೋ, ಒಂದ್ ಐದು ನಿಮಿಷ ಕೂತ್ಕೊ. ನೆಲವೇನು ಕಚ್ಚಲ್ಲ" ಎಂದು ನಾನು ಕರೆದರೆ,

"ನಾನು ನಿಮ್ ಜೊತೆ ಇಲ್ಲ ಅನ್ನೋ ಹಾಗಿಲ್ಲ" ಎನ್ನುತ್ತಿದ್ದ.

ಇದು ಅವನ ಮಾತಿನ ಚಾಳಿ. ಎರಡು ಇಲ್ಲಗಳಿಲ್ಲದೆ ಅವನ ವಾಕ್ಯ ನಿಲ್ಲುತ್ತಿರಲಿಲ್ಲ. ಊಟ ಚೆನ್ನಾಗಿಲ್ಲ ಅನ್ನೋ ಹಾಗಿಲ್ಲ. ಮೈಗೆ ಹುಷಾರಿಲ್ಲ ಅನ್ನೋ ಹಾಗಿಲ್ಲ. ಅವನ ಹೆಂಡತಿ ಮಿಸಾವೊ ಬಾಯಿ ಜೋರಿನ ಹೆಂಗಸು, ಒಮ್ಮೆ ನನ್ನೆದುರೇ ಹೇಳಿದಳು: "ಮದುವೆ ಆಗ್ತೀರಾ ಅಂತ ನಾನೇ ಕೇಳಿದ್ದು ಕಣ್ರೀ. 'ಬೇಡ ಅನ್ನೋ ಹಾಗಿಲ್ಲ' ಅಂದ್ರು. ನಾನು ಅದನ್ನ ಹೂಂ ಅಂತ ತಿಳ್ಕೊಂಡು ಕಿಮೋನೋ-ಗಿಮೋನೋ ಎಲ್ಲ ಹೊಲಿಸಿಬಿಟ್ಟೆ. ಇವತ್ತಿಗೂ ಅನುಮಾನ ಇದೆ." ನಕಾತ ಬಟ್ಟಲಿನ ಕಡೆ ನೋಡುತ್ತ ನೂಡಲ್ ಸೊರ್ ಎಂದು ಎಳೆದುಕೊಂಡ. ಅಲ್ಲವೆನ್ನಲಿಲ್ಲ.

ಅವನ ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ಝೋಯಾ ಹಾನ್ ಬಂದಳು. ಸಖಾಲಿನ್ ದ್ವೀಪದ ಕೊರಿಯನ್ ಹೆಣ್ಣುಮಗಳು, ಅಲ್ಲಿನ ವಿಶ್ವವಿದ್ಯಾಲಯದ ಪುಟ್ಟ ಜಪಾನಿ ವಿಭಾಗದ ಅಧ್ಯಾಪಕಿ. ನಡುವಯಸ್ಸು, ಗಟ್ಟಿ ಮಣಿಕಟ್ಟು, ಹಸಿ ಮೂಲಂಗಿ ಕಚ್ಚಿದ ಹಾಗೆ ಕಡಕ್ ಮಾತು. ಅವಳಿಗೆ ತಿದ್ದುವುದೇನೂ ನನಗೆ ಉಳಿದಿರಲಿಲ್ಲ, ಒಂದನ್ನು ಬಿಟ್ಟು. ಅವಳು ನಮ್ಮ ಭಾಷೆಯನ್ನು ಕಲಿತದ್ದು ಅಜ್ಜಿಯ ಬಾಯಿಂದ. ಅಜ್ಜಿ ಕಲಿತದ್ದು ಆ ದ್ವೀಪ ನಮ್ಮ ದೊರೆತನದಲ್ಲಿ ಕರಾಫುತೊ ಎನಿಸಿಕೊಂಡಿದ್ದ ಕಾಲದಲ್ಲಿ, ಗಣಿಯ ಮೇಸ್ತ್ರಿಗಳ ಬಾಯಿಂದ. ಸ್ವಾಗತದ ಔತಣದಲ್ಲಿ ಪ್ರತಿಷ್ಠಾನದ ಮುಖ್ಯಸ್ಥ ಉಗಾಜಿನ್ ಬಿಯರು ಬಗ್ಗಿಸಲು ಬಂದಾಗ ಅವಳು ಎದ್ದು ನಿಂತು, ತಲೆ ಬಾಗಿ, "ಸಾಕು ದಣಿಗಳೇ, ತಮ್ಮ ಅನ್ನದ ಋಣ ದೊಡ್ಡದು" ಎಂದುಬಿಟ್ಟಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಷ್ಟು ಮುದ್ದಾಗಿ ಮಾತಾಡ್ತಾರೆ! ನಮ್ ಮುತ್ತಜ್ಜಿ ನೆನಪಾದ್ರು" ಎಂದ ಉಗಾಜಿನ್. ನಗದೆ ಇದ್ದವನು ನಕಾತನೊಬ್ಬ. ಒಪ್ಪಿಗೆಯಾಗದ ಸಮಾರಂಭಗಳಲ್ಲಿ ಅವನು ಮದ್ಯದ ಬಟ್ಟಲು ಹಿಡಿಯುತ್ತಿದ್ದ, ಎತ್ತುತ್ತಿರಲಿಲ್ಲ. ಅಂದೂ ಎತ್ತಲಿಲ್ಲ. ಝೋಯಾ ಅದನ್ನು ನೋಡಿದಳು. ಈ ಮನುಷ್ಯ ತನ್ನ ಕಡೆಯವನೆಂಬ ನಂಬಿಕೆ ಅವಳಿಗೆ ಹುಟ್ಟಿದ್ದು ಅಲ್ಲಿ.

ಅವಳು ಬಂದದ್ದು ಕರಾಫುತೊ ಶಾಲೆಗಳ ಭಾಷೆಯ ಅಧ್ಯಯನಕ್ಕೆಂದು. ಹುಡುಕುತ್ತಿದ್ದುದು ತನ್ನ ಅಜ್ಜನನ್ನು. ಯುದ್ಧದ ಕೊನೆಯ ಹೊತ್ತಿಗೆ ಹಡಗುಗಳು ಮುಳುಗಿ ದ್ವೀಪದಿಂದ ಕಲ್ಲಿದ್ದಲು ತರುವುದು ಕಷ್ಟವಾದಾಗ, ನಮ್ಮ ದೊರೆಗಳು ಕಲ್ಲಿದ್ದಲನ್ನು ಅಲ್ಲೇ ಬಿಟ್ಟು ಕೊರಿಯನ್ ಕೂಲಿಗಳನ್ನು ಸಾಗಿಸಿದರು, ಜಪಾನಿನ ದಕ್ಷಿಣ ತುದಿಯ ಕ್ಯೂಷೂವಿನ ಗಣಿಗಳಿಗೆ. ಹೆಂಡತಿ ಮಕ್ಕಳು ದ್ವೀಪದಲ್ಲೇ ಉಳಿದರು. ಯುದ್ಧ ಮುಗಿಯಿತು, ದ್ವೀಪ ರಷ್ಯಾದ ಪಾಲಾಯಿತು, ನಡುವಿನ ಸಮುದ್ರಕ್ಕೆ ಬೀಗ ಬಿತ್ತು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಗಂಡನನ್ನು ಕಳಿಸಿಕೊಟ್ಟ ಆ ಹುಡುಗಿ ಈಗ ಹಣ್ಣು ಮುದುಕಿ. ಅವಳಿಗೆ ಬೇಕಾದ್ದು ಆ ಗಣಿಗಳಲ್ಲೇ ಸತ್ತ ಗಂಡನ ಮೂಳೆ, ಅಷ್ಟೆ. ತನ್ನ ಪಕ್ಕದಲ್ಲಿ ಹೂಳಲು. ಕ್ಯೂಷೂವಿನ ಚಿಕುಹೋ ಸೀಮೆಯ ಗಣಿಗಳು ಮುಚ್ಚಿದ ಮೇಲೆ, ಕೇಳುವವರಿಲ್ಲದ ಕೊರಿಯನ್ನರ ಸುಟ್ಟುಳಿದ ಮೂಳೆಯ ಡಬ್ಬಗಳು ಅಲ್ಲಿನ ಬೌದ್ಧ ಗುಡಿಗಳ ಹಿಂಗೋಣೆಯ ಹಲಗೆಗಳ ಮೇಲೆ ಸಾಲಾಗಿ ಕೂತಿದ್ದವು. ಯಾವ ಗುಡಿಯಲ್ಲಿ ಎಂದು ಗೊತ್ತಿಲ್ಲ, ಒಂದೊಂದನ್ನೇ ಹತ್ತಿಳಿಯಬೇಕು. ತಡಮಾಡುವಂತೆಯೂ ಇರಲಿಲ್ಲ. ಜಾಗ ಸಾಲದ ಗುಡಿಗಳು ವಾರಸುದಾರರಿಲ್ಲದ ಮೂಳೆಯನ್ನು ಬೋನ್ ಹಬ್ಬಕ್ಕೆ, ಪಿತೃಗಳು ಮನೆಗೆ ಬರುವ ಆಗಸ್ಟ್ ತಿಂಗಳಿಗೆ, ಒಂದೇ ಗುಂಡಿಗೆ ಸುರಿದು ಕಲ್ಲು ನಿಲ್ಲಿಸುತ್ತಿದ್ದವು. ಸುರಿದ ಮೇಲೆ ಯಾರ ಮೂಳೆ ಯಾರದೆಂದು ಬ್ರಹ್ಮನೂ ಆರಿಸಲಾರ.

ಝೋಯಾಳ ವರ್ಷ ಮುಗಿಯುವುದು ಮಾರ್ಚಿಗೆ. ಆ ಹೊತ್ತಿಗೆ ಅವಳು ಸೀಮೆಯ ಅರ್ಧ ಗುಡಿಗಳನ್ನಷ್ಟೇ ನೋಡಿದ್ದಳು. ಎರಡನೆಯ ವರ್ಷದ ಅನುದಾನ ಬೇಡಿದಳು; ಈ ಸಲ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆದಳು. ಚಿಕುಹೋದ ಗಣಿಗಳಲ್ಲಿ ದೊಡ್ಡದು ಯಾವ ಮನೆತನದ್ದೆಂದು ಆ ಕಟ್ಟಡದ ಕಸ ಗುಡಿಸುವವರಿಗೂ ಗೊತ್ತಿತ್ತು. ಉಗಾಜಿನ್ ಸಿಟ್ಟಾಗಲಿಲ್ಲ. ಅಂಥವರು ಸಿಟ್ಟಾಗುವುದಿಲ್ಲ. "ಪಾಪ, ಮನಸ್ಸಿಗೆ ತುಂಬ ನೋವಾಗುತ್ತೆ. ಆದ್ರೆ ಇದು ಜಪಾನ್ ಅಧ್ಯಯನ ಅಲ್ಲವಲ್ಲ, ಅವರ ಮನೆ ವಿಷಯ" ಎಂದನಂತೆ. ಅರ್ಜಿಯನ್ನು ಕೈಬಿಡುವ, ಅದರ ಜೊತೆಗೇ ಅವಳ ವಿಭಾಗಕ್ಕೆ ಅಧ್ಯಾಪಕರನ್ನು ಕಳಿಸುವುದನ್ನೂ ನಿಲ್ಲಿಸುವ ಪ್ರಸ್ತಾವ ಮೇಜಿನಿಂದ ಮೇಜಿಗೆ ತೆವಳತೊಡಗಿತು. ಪ್ರತಿಷ್ಠಾನದಲ್ಲಿ ಇಂಥ ಅರ್ಜಿಗಳನ್ನು ನೋಡುವ ವಿಭಾಗಕ್ಕೆ ಮುಖ್ಯಸ್ಥ ನಕಾತ. ಅವನ ಮುದ್ರೆಯಿಲ್ಲದೆ ಅದು ಮೇಲೆ ಹೋಗುವಂತಿರಲಿಲ್ಲ.

ನಾನು ಅವನನ್ನು ನಿಲ್ದಾಣದ ಬಳಿಯ ನಿಂತು ಕುಡಿಯುವ ಅಂಗಡಿಯಲ್ಲಿ ಹಿಡಿದೆ.

"ಏನ್ ಮಾಡ್ತೀಯ?"

"ನೋಡ್ತಾ ಇರು. ನನ್ನ ಮುದ್ರೆ ನೆಟ್ಟಗೆ ಬೀಳಲ್ಲ."

"ಮುದ್ರೆ ಹಾಳಾಗ್ಲಿ. ಸಭೇಲಿ ಬಾಯಿ ಬಿಡ್ತೀಯೋ ಇಲ್ವೋ?"

"ಬಿಡಲ್ಲ ಅನ್ನೋ ಹಾಗಿಲ್ಲ."

"ಥೂ ನಿನ್ನ! ಒಂದು 'ಇಲ್ಲ' ಸಾಕಾಗಿದ್ ಕಡೆ ಎರಡು ಹಾಕಿ ಹೂಂ ಮಾಡ್ಕೊಂಡ್ ಬರ್ತೀಯ" ಎಂದೆ. ಅಂಗಡಿಯವನು ನಕ್ಕ. ನಕಾತ ಬೇಯಿಸಿದ ಮೂಲಂಗಿಯನ್ನು ಕಡ್ಡಿಯಿಂದ ಸಮನಾಗಿ ನಾಲ್ಕು ಮಾಡಿ, ಒಂದು ತುಂಡನ್ನು ನನ್ನ ತಟ್ಟೆಗೆ ಹಾಕಿದ.

ತೀರ್ಮಾನ ಹೊರಬಿದ್ದ ಮರುದಿನ ಝೋಯಾ ನನ್ನನ್ನು ಜೊತೆಗೆ ಕರೆದುಕೊಂಡು ಅವನ ಕೋಣೆಗೆ ಹೋದಳು. ಅಳಲಿಲ್ಲ, ಕೂಗಲಿಲ್ಲ. "ನೀವು ನನ್ನ ಕಡೆ ಇದ್ರಿ ಅಂದ್ಕೊಂಡಿದ್ದೆ ನಕಾತ-ಸಾನ್" ಎಂದಳು, ಅಷ್ಟೆ. ನಕಾತನ ಮುಖ ಅರಳಿತು. ಇಷ್ಟು ವರ್ಷ ಯಾರೂ ಕೇಳದಿದ್ದುದನ್ನು ಒಬ್ಬರು ಕೇಳಿದ್ದರು. ಎದ್ದು ಬಾಗಿಲು ಮುಚ್ಚಿ, ಬೀರುವಿನಿಂದ ಆ ಪ್ರಸ್ತಾವದ ಹಾಳೆ ತೆಗೆದು, ಅವಳ ಮುಂದೆ ಬಿಚ್ಚಿ, ಕೆಂಪು ಗುರುತುಗಳ ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿ ನೋಡಿ" ಎಂದ. ದನಿಯಲ್ಲಿ ಆ ಹಳೆಯ ಕಹಳೆಯ ಒಂದು ಚೂರು ಇತ್ತು.

ಝೋಯಾ ಬಾಗಿ ನೋಡಿದಳು. ನಾನೂ ಬಾಗಿದೆ.

"ತನಾಕ" ಎಂದು ಓದಿದಳು. "ಯಾರಿವರು, ತನಾಕ-ಸಾನ್?"

ನಕಾತನ ಹೆಸರಿಗೆ ಎರಡು ಅಕ್ಷರ. ಮೇಲಿನದು ಚೌಕದ ನಡುವೆ ನೆಟ್ಟಗೆ ಒಂದು ಗೆರೆ, 'ನಡು' ಎಂಬ ಅರ್ಥದ್ದು. ಕೆಳಗಿನದು ಚೌಕದೊಳಗೊಂದು ಶಿಲುಬೆ, 'ಗದ್ದೆ' ಎಂಬ ಅರ್ಥದ್ದು. ಎರಡನ್ನೂ ಬುಡಮೇಲು ಮಾಡಿದರೆ ರೂಪ ಒಂದಿಷ್ಟೂ ಕೆಡುವುದಿಲ್ಲ. ಕೆಳಗಿನದು ಮೇಲೆ ಬರುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ನಡುಗದ್ದೆ ಗದ್ದೆನಡುವಾಗುತ್ತದೆ. ನಕಾತ ತನಾಕನಾಗುತ್ತಾನೆ. ಬೇರೆ ಯಾರ ಮುದ್ರೆಯನ್ನಾದರೂ ತಿರುಗಿಸಿ ಒತ್ತಿದ್ದರೆ ಅದು ಕಾಲು ಮೇಲೆ ಮಾಡಿ ಬಿದ್ದ ಜೀರುಂಡೆಯ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು. ಇವನದು ಮಾತ್ರ ಸೊಟ್ಟಗಿರದೆ, ಸೊಂಪಾಗಿ, ಈ ದೇಶದಲ್ಲಿ ಬೀದಿಗೆ ಹತ್ತು ಸಿಗುವ ಒಂದು ಹೆಸರಾಗಿ ನೆಟ್ಟಗೆ ನಿಂತಿತ್ತು.

ನಕಾತ ಹಾಳೆಯನ್ನು ಗಡಬಡಿಸಿ ತಿರುಗಿಸಿದ. "ಹೀಗೆ... ಹೀಗೆ ನೋಡಿದ್ರೆ ನಾನೇ."

"ಹೀಗೆ ನೋಡಿದ್ರೆ ಮಿಕ್ಕವರೆಲ್ಲ ತಲೆಕೆಳಗು" ಎಂದಳು ಝೋಯಾ.

ಅಷ್ಟರಲ್ಲಿ ಲೆಕ್ಕಪತ್ರದ ಹಿರಿಯ ಹೆಂಗಸು ಚಹಾ ತಂದಳು. ನಾನು ತಡೆಯಲಾರದೆ ಆ ಗುರುತು ಯಾರದೆಂದು ಕೇಳಿದೆ. "ಅದಾ? ಪಕ್ಕದ ವಿಭಾಗದ ತನಾಕ-ಸಾನ್‌ದು" ಎಂದಳು ನಿರಾಳವಾಗಿ. "ಕಿರಿಕಿರಿ ಕಡತ ಬಂದಾಗೆಲ್ಲ ನಮ್ಮ ನಕಾತ-ಸಾನ್ ಊರಲ್ಲಿರಲ್ಲ, ಪಾಪ. ಬದಲಿಗೆ ಅವರು ಒತ್ತಿಕೊಡ್ತಾರೆ. ಒಳ್ಳೇ ಮನುಷ್ಯ ತನಾಕ-ಸಾನ್. ಯಾವತ್ತೂ ತಡಮಾಡಿದವರಲ್ಲ."

ಆ ಹೆಂಗಸು ಚಹಾ ಇಟ್ಟು ಹೋದಳು. ಝೋಯಾ ಕೇಳಿದಳು: "ಸಭೆಯಲ್ಲಿ ಬಾಯಲ್ಲಿ ಏನು ಹೇಳಿದ್ರಿ?"

"ಆಕ್ಷೇಪಣೆ ಇದೆಯಾ ಅಂತ ಕೇಳಿದ್ರು" ಎಂದ ನಕಾತ. "ನಾನು ಸುಮ್ಮನಿದ್ದೆ. ಒಪ್ಪಿದೆ ಅನ್ನೋ ಹಾಗೆ..." ವಾಕ್ಯ ಮುಗಿಯಲಿಲ್ಲ. ಅಂಗೈಯಿಂದ ಮೇಜಿನ ಧೂಳು ಒರೆಸುತ್ತ, ಅಲ್ಲಿ ಧೂಳಿರಲಿಲ್ಲ, "ನಾನೇ ಹೋಗ್ತೀನಿ ಕ್ಯೂಷೂಗೆ. ನಿವೃತ್ತಿ ಆಗ್ತಿದ್ದ ಹಾಗೆ ಹೋಗ್ತೀನಿ. ಉಳಿದ ಗುಡಿಗಳನ್ನ ನಾನು ನೋಡ್ತೀನಿ" ಎಂದ. ಈ ಒಂದು ಮಾತಿನಲ್ಲಿ ಅವನು ಇಲ್ಲವನ್ನು ಒಮ್ಮೆಯೂ ಬಳಸಲಿಲ್ಲ. ಝೋಯಾ ಅಜ್ಜನ ಹೆಸರು, ಊರು ಬರೆದುಕೊಟ್ಟಳು. ಕುಟುಂಬದ ಪರವಾಗಿ ಕೇಳುವ ಅಧಿಕಾರ ಇವರಿಗಿದೆಯೆಂದೂ ಬರೆದಳು, ಏಕೆಂದರೆ ಅದಿಲ್ಲದೆ ಗುಡಿಯವರು ಹಿಂಗೋಣೆಯ ಬಾಗಿಲು ತೆರೆಯುವುದಿಲ್ಲ. "ಬೋನ್ ಹಬ್ಬಕ್ಕೆ ಮುಂಚೆ" ಎಂದಳು. "ಮುಂಚೆ" ಎಂದ ನಕಾತ.

ಮಾರ್ಚ್ ಕೊನೆಗೆ ಅವನ ಬೀಳ್ಕೊಡುಗೆ. ಉಗಾಜಿನ್ ಹೂಗುಚ್ಛ ಕೊಟ್ಟು ಭಾಷಣ ಮಾಡಿದ. "ಚಳವಳಿಯ ಕಾಲದ ಹುಡುಗರು ಅಂದ್ರೆ ನಮಗೆಲ್ಲ ಒಂದಿಷ್ಟು ಭಯ ಇತ್ತು. ಆದರೆ ನಕಾತ-ಸಾನ್ ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ಆಕ್ಷೇಪಣೆ ಎತ್ತಿದ್ದು ನನಗೆ ನೆನಪಿಲ್ಲ!" ಚಪ್ಪಾಳೆ ಬಿತ್ತು. ಹೊಗಳಿಕೆಯೆಂದೇ ಅಂದದ್ದು ಅದು. ಅದರಲ್ಲಿ ವ್ಯಂಗ್ಯದ ಹನಿಯೂ ಇರಲಿಲ್ಲ. ಅದೇ ವಾರ ಝೋಯಾ ಕಟ್ಟಿದ ಪೆಟ್ಟಿಗೆಗಳೊಡನೆ ಉತ್ತರದ ವಿಮಾನ ಹತ್ತಿದಳು.

ಏಪ್ರಿಲ್ ಬಂತು. ಹೋದೆಯಾ ಎಂದರೆ, ಪಿಂಚಣಿಯ ಓಡಾಟವಿದೆ ಎಂದ. ಮೇ ತಿಂಗಳಲ್ಲಿ, ಮುಂಚಿತವಾಗಿ ಗುಡಿಗಳಿಗೆ ಪತ್ರ ಬರೆಯದೆ ಹೋಗುವುದು ಮರ್ಯಾದೆಯಲ್ಲ ಎಂದ. ಪತ್ರದ ಒಕ್ಕಣೆಯನ್ನು ತಿದ್ದಿದ, ಮತ್ತೆ ತಿದ್ದಿದ. ಮಳೆ ಹಿಡಿಯಿತು. ಮೊಣಕಾಲು ನೋವು ಎಂದ. ನಾನೂ ಸಂಘದ ಕೆಲವರೂ ಸೇರಿ ಒಂದಿಷ್ಟು ಗುಡಿಗಳಿಗೆ ಫೋನು ಮಾಡಿದೆವು. ಮನೆಯವರಲ್ಲದವರಿಗೆ ಫೋನಿನಲ್ಲಿ ಹೇಳುವುದಿಲ್ಲ ಎಂದು ಇಟ್ಟರು. ಆ ಅಧಿಕಾರಪತ್ರ ನನ್ನ ಕೈಗೆ ಕೊಡು, ನಾನು ಹೋಗುತ್ತೇನೆ ಎಂದರೆ, "ನಾನು ಮಾತು ಕೊಟ್ಟಿದ್ದೀನಿ. ಹೋಗಲ್ಲ ಅನ್ನೋ ಹಾಗಿಲ್ಲ" ಎಂದ. ಮಿಸಾವೊ ಎರಡು ಸಲ ಚೀಲ ಕಟ್ಟಿಟ್ಟಳು, ಎರಡು ಸಲ ಬಿಚ್ಚಿದಳು. ಅವನು ಹೊರಟದ್ದು ಸೆಪ್ಟೆಂಬರಿನಲ್ಲಿ, ಸೆಕೆ ಇಳಿದ ಮೇಲೆ.

ಮೂಳೆ ಸಿಕ್ಕಿತು ಎನ್ನಬೇಕೋ ಸಿಗಲಿಲ್ಲ ಎನ್ನಬೇಕೋ. ಗಣಿಯ ಕಸದ ಗುಡ್ಡದ ಬುಡದಲ್ಲೊಂದು ಬಡ ಗುಡಿ. ಅರ್ಚಕನ ಹೆಂಡತಿ ಅವನನ್ನು ಕೂರಿಸಿ, ಚಹಾ ಕೊಟ್ಟು, ಉಪ್ಪಿನಕಾಯಿ ಕೊಟ್ಟು, ಪತ್ರ ಓದಿದಳು. "ಹಾನ್ ಅಂತ ಒಂದಿತ್ತು. ಕರಾಫುತೊದಿಂದ ಬಂದವರು ಅಂತ ಡಬ್ಬದ ಮೇಲೆ ನಮ್ಮ ಮಾವನೇ ಬರೆದಿದ್ರು. ನಾನು ಮದುವೆಯಾಗಿ ಬಂದಾಗಿಂದ ಧೂಳು ಒರೆಸಿದ್ದೀನಿ" ಎಂದಳು. "ಈ ಸಲ ಬೋನ್‌ಗೆ ಎಲ್ಲಾನೂ ಒಂದೇ ಕಡೆ ಸೇರಿಸಿಬಿಟ್ವಿ. ಸೂರು ಸೋರ್ತಿತ್ತು, ಏನ್ ಮಾಡೋದು. ವಸಂತದಿಂದ ಬಾಗಿಲಲ್ಲಿ ಚೀಟಿ ಅಂಟಿಸಿದ್ವಿ, ಯಾರಾದ್ರೂ ಇದ್ರೆ ಬನ್ನಿ ಅಂತ. ನೀವು ಮಳೇಲಿ ಬಂದಿದ್ರೂ ಕೊಟ್ಟು ಕಳಿಸ್ತಿದ್ದೆ." ಅವಳು ಅವನನ್ನು ಹಿತ್ತಲಿಗೆ ಕರೆದೊಯ್ದು ಹೊಸ ಕಲ್ಲನ್ನು ತೋರಿಸಿದಳು. ಸಿಮೆಂಟು ಇನ್ನೂ ಬಿಳುಪಾಗಿತ್ತಂತೆ.

ಇಷ್ಟನ್ನೂ ಅವನು ನನಗೆ ಹೇಳಿ, ಝೋಯಾಳಿಗೆ ನೀನು ಫೋನು ಮಾಡು ಎಂದ. ನಾನು ಒಲ್ಲೆನೆಂದೆ. ವಾರ ಕಾದೆ. ಅವನು ಮಾಡಲಿಲ್ಲ. ಕೊನೆಗೆ ನಾನೇ ಮಾಡಿದೆ. ಅವಳ ವಿಭಾಗ ಮುಚ್ಚಿತ್ತು. ಮೀನು ಕಂಪನಿಯೊಂದರಲ್ಲಿ ಪತ್ರ ಅನುವಾದಿಸುತ್ತಿದ್ದಳು. ಗುಡಿಯಲ್ಲಿ ನಡೆದದ್ದನ್ನು ಹೇಳಿದೆ. ಅವಳ ಹಿಂದಿನಿಂದ ಮುದುಕಿಯ ದನಿ, ಆ ಹಳೆಯ ಕಾಲದ ನಮ್ಮ ಭಾಷೆಯಲ್ಲಿ: "ಯಾರವ್ವಾ? ದಣಿಗಳ ಕಡೆಯಿಂದಲೇ? ಸಿಕ್ಕರಂತೇನು?" ಝೋಯಾ ಅದಕ್ಕೆ ಕೊರಿಯನ್ನಿನಲ್ಲಿ ಏನು ಹೇಳಿದಳೋ ನನಗೆ ತಿಳಿಯಲಿಲ್ಲ. ಫೋನು ಇಟ್ಟಳು.

ನಕಾತನಂಥವರು ನಮ್ಮ ಪೀಳಿಗೆಯಲ್ಲಿ ಒಬ್ಬಿಬ್ಬರಲ್ಲ. ಬ್ಯಾಂಕುಗಳಲ್ಲಿ, ಪತ್ರಿಕೆಗಳಲ್ಲಿ, ವಿಶ್ವವಿದ್ಯಾಲಯಗಳ ಸಮಿತಿಗಳಲ್ಲಿ ಇವರು ತುಂಬಿಕೊಂಡಿದ್ದರು. ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಇವರನ್ನು ಹೇಡಿಗಳೆಂದು ಬೈಯಲು ನಾಲಿಗೆ ಏಳುವುದಿಲ್ಲ, ಏಕೆಂದರೆ ಏಟು ಬಿದ್ದ ದಿನ ನಮಗಿಂತ ಗಟ್ಟಿಯಾಗಿ ನಿಂತವರು ಇವರೇ. ದ್ರೋಹಿಗಳೆನ್ನೋಣವೆಂದರೆ ದ್ರೋಹಿಗೆ ಸಿಗಬೇಕಾದ ಕೂಲಿಯೂ ಇವರಿಗೆ ಸಿಗಲಿಲ್ಲ. ಪೊಲೀಸನ ಮುಂದೆ ಬಾಯಿ ಮುಚ್ಚುವುದೂ ಯಜಮಾನನ ಮುಂದೆ ಬಾಯಿ ಮುಚ್ಚುವುದೂ ಒಂದೇ ವ್ರತವೆಂದು ನಂಬಿ, ತಮ್ಮ ಪ್ರತಿಭಟನೆಯನ್ನು ಮನೆದೇವರ ಹಾಗೆ ಒಳಕೋಣೆಯಲ್ಲಿಟ್ಟು, ಯಾರ ಕಣ್ಣೂ ತಾಗದಂತೆ ದಿನವೂ ಹೂವೇರಿಸಿದರು. ಯಜಮಾನನಿಗೆ ಇಂಥವನಿಗಿಂತ ಒದಗುವ ಆಳು ಬೇರೆ ಯಾರಿದ್ದಾನೆ? ಕೆಲಸವೂ ಆಯಿತು, ಆ ಕೆಲಸದ ಪಾಪಕ್ಕೆ ಪಡಬೇಕಾದ ಸಂಕಟವನ್ನೂ ಆಳೇ ಪಟ್ಟುಕೊಂಡ. ನಾವು ಒಳಗೊಳಗೇ ಕೆಡಲಿಲ್ಲ ಎಂಬ ಸಮಾಧಾನ ಇವರಲ್ಲಿ ಕೊನೆಯವರೆಗೂ ಉಳಿಯುತ್ತದೆ. ಅದು ಸುಳ್ಳೂ ಅಲ್ಲ. ಆದರೆ ಸತ್ತವರಿಗಾಗಲಿ, ಸತ್ತವರಿಗಾಗಿ ಕಾದವರಿಗಾಗಲಿ ನಮ್ಮ ಒಳಗಿನಿಂದ ಆಗಬೇಕಾದ್ದು ಏನೂ ಇಲ್ಲ.